ತಿದ್ದದೆ ಬಿಟ್ಟ ಅಕ್ಷರ

ಕಚೇರಿಯ ಹೆಡ್ ಕ್ಲರ್ಕಿಗೆ ಎಲ್ಲರೂ ಇಟ್ಟ ಹೆಸರು 'ತಿದ್ದುಪಡಿ ಸಾಹೇಬರು'. ತಪ್ಪು ಕಂಡರೆ ಅವರಿಗೆ ಕಣ್ಣಲ್ಲಿ ಕಸ ಬಿದ್ದ ಹಾಗೆ, ತೆಗೆಯುವ ತನಕ ನೆಮ್ಮದಿಯಿಲ್ಲ. ಲಿಫ್ಟಿನ ಸೂಚನೆಗೆ ಬಿಟ್ಟುಹೋದ ಒತ್ತಕ್ಷರ ಕೊಡುತ್ತಾರೆ. ಶೋಕಸಭೆಯ ನಡುವೆಯೂ ಎದ್ದು ಬ್ಯಾನರಿನ 'ಶೃದ್ಧಾಂಜಲಿ'ಯನ್ನು 'ಶ್ರದ್ಧಾಂಜಲಿ' ಮಾಡಿ ಬರುತ್ತಾರೆ. ಪಾಸ್‌ವರ್ಡ್ ಯಾರು ಕೇಳಿದರೂ ಹೇಳಬಾರದೆಂದು ಕಚೇರಿಗೆಲ್ಲ ಪಾಠ ಹೇಳಿದವರೂ ಅವರೇ. ಅದಕ್ಕೇ ಇರಬೇಕು, ಕಂಪ್ಯೂಟರ್ ವಿಭಾಗದವನೆಂದು ಸುಳ್ಳು ಹೇಳಿ ಫೋನ್ ಮಾಡಿದ ಮೋಸಗಾರ ಏನನ್ನೂ ಕೇಳಲೇ ಇಲ್ಲ. ಬರೀ ತಪ್ಪು ಹೇಳಿದ. "ಸಾರ್, ನಿಮ್ಮ ಪಾಸ್‌ವರ್ಡು 'ನೆಮ್ಮದಿ' ಅಂತ ಇದೆ." "ಯಾರಯ್ಯಾ ಹೇಳಿದ್ದು? ಸಂತೋಸ!" "ಓ, ಸಂತೋಷ." "ಷ ಅಲ್ಲಯ್ಯಾ, ಸ! ಸರಿಯಾಗಿ ಬರ್ಕೋ!" ಆ ಮಧ್ಯಾಹ್ನವೇ ಕಚೇರಿಯ ಕಂಪ್ಯೂಟರಿನಲ್ಲಿದ್ದ ಕಡತಗಳೆಲ್ಲ ಕಳುವಾದವು. ಮರುದಿನ ಪಾಸ್‌ವರ್ಡ್ ಬದಲಾಯಿಸಲು ಬಂದ ಕಂಪ್ಯೂಟರ್ ವಿಭಾಗದ ಹುಡುಗಿ, "ಊರಿಗೆಲ್ಲ ತಿದ್ದೋ ನೀವೇ ತಪ್ಪು ಅಕ್ಷರ ಇಟ್ಕೊಂಡಿದ್ರಾ ಸಾರ್?" ಎಂದು ನಕ್ಕಳು. ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನನ್ನಾಕೆ 'ಸಂತೋಸ' ಅಂತ್ಲೇ ಅಂತಿದ್ಳಮ್ಮಾ. ತೀರಿಹೋಗೋ ತನಕ ಅದೊಂದನ್ನ ಮಾತ್ರ ತಿದ್ದೋಕೆ ಮನಸ್ಸು ಬರಲಿಲ್ಲ. ಈಗ ನೀನು ತಿದ್ದಿಸ್ತಿದೀಯ."