ಊಟ ಬೇಡವೆನ್ನಲು ಕಲಿಸಿದ ಇಂದೂಬಾಯಿ

ದೇಣಿಗೆ ಕೇಳಿದ ಮರುಕ್ಷಣವೇ ಇಂದೂಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗುತ್ತಿದ್ದರು. ಎದುರಿಗೆ ಕೂತವರು ಏನಾದರೂ ಹೇಳುವವರೆಗೆ ಒರೆಸುತ್ತಲೇ ಇರುತ್ತಿದ್ದರು. ನನ್ನ ನೆನಪಿನಲ್ಲಿರುವುದು ಹೀಗೆ. ಆದರೆ ನನ್ನ ಫೋನಿನಲ್ಲಿ ಉಳಿದಿರುವ ಅವರ ಒಂದೇ ಫೋಟೋದಲ್ಲಿ ಕನ್ನಡಕವಿಲ್ಲ. ಬೇರೆ ಯಾರದೋ ಅಭ್ಯಾಸವನ್ನು ತಂದು ಇವರಿಗೆ ಅಂಟಿಸಿದ್ದೇನೋ ಏನೋ.

ಅವರು ಸೋಲಾಪುರದಲ್ಲಿ ಬಹಳ ವರ್ಷ ವಧು-ವರ ಕೇಂದ್ರ ನಡೆಸಿದವರು. ಮೊಬೈಲಿನಲ್ಲೇ ಸಂಬಂಧಗಳು ಕೂಡುವ ಕಾಲ ಬಂದಾಗ ಅದನ್ನು ಮುಚ್ಚಿ, ಸಣ್ಣ ಸಣ್ಣ ಸೇವಾಸಂಸ್ಥೆಗಳಿಗೆ ದೇಣಿಗೆ ಕೇಳುವುದನ್ನು ಕಲಿಸಲು ಹೊರಟರು. ನಾನು ಪುಣೆಯಲ್ಲಿ ಸಮಾಜಕಾರ್ಯ ಓದಿ, ಅದೇ ಸಂಸ್ಥೆಗಳಿಗೆ ಯೋಜನೆ ಬರೆದುಕೊಡುವ ನೌಕರಿಯಲ್ಲಿದ್ದೆ. ಮದುವೆ ಮಾಡಿಸುವುದಕ್ಕೂ ಸಂಸ್ಥೆ ಉಳಿಸುವುದಕ್ಕೂ ಏನು ಸಂಬಂಧ ಎಂದು ಮೊದಲ ದಿನವೇ ಕೇಳಿದ್ದೆ.

"ಎರಡರಾಗೂ ಮಂದಿ ಮನಿಗಿ ಹೋಗಿ ಕೂಡಬೇಕಾಗ್ತದ, ತಮ್ಮಾ. ಒಂದ ಸಲಕ್ಕ ಯಾರೂ ಹೂಂ ಅನ್ನಂಗಿಲ್ಲ."

ದಾನಿಗಳನ್ನು ಅವರು 'ಸ್ಥಳ' ಎಂದೇ ಕರೆಯುತ್ತಿದ್ದರು, ಗಂಡಿನ ಮನೆಯವರನ್ನು ಕರೆದ ಹಾಗೆ. ಒಬ್ಬನೇ ದೊಡ್ಡ ಶ್ರೀಮಂತನ ಬೆನ್ನು ಹತ್ತಬಾರದು, ಅವನು ಮುನಿಸಿಕೊಂಡರೆ ಬಾಗಿಲು ಹಾಕಬೇಕಾಗುತ್ತದೆ ಎನ್ನುವರು. ದೇಣಿಗೆ ಬಂದ ಮೇಲೆ ಏನನ್ನೂ ಕೇಳದೆ ಮತ್ತೊಮ್ಮೆ ಆ ಮನೆಗೆ ಹೋಗಿ ಚಹಾ ಕುಡಿದು ಬರಬೇಕೆಂಬುದು ಅವರ ಕಟ್ಟಪ್ಪಣೆ. "ಮಗಳನ್ನ ಕೊಟ್ಟವರಿಗಿ ಆಕಿ ಹ್ಯಾಂಗ ಅದಾಳ ಅಂತ ಹೇಳಬ್ಯಾಡೇನು?"

ಒಂದು ತರಬೇತಿಯಲ್ಲಿ ತಡವಳ ಎಂಬ ಹಳ್ಳಿಯಿಂದ ಬಂದ ಗೃಹಸ್ಥರೊಬ್ಬರನ್ನು ಎಬ್ಬಿಸಿ, ನನ್ನನ್ನು ದಾನಿಯೆಂದು ಕೂರಿಸಿ, ಕೇಳಲು ಹೇಳಿದರು. ಆ ಮನುಷ್ಯ ಕೈಮುಗಿದು, ಏನಾದರೂ ಮದತ್ ಮಾಡ್ರಿ, ಆಗದಿದ್ದರ ಇರಲಿ ಬಿಡ್ರಿ, ಅಡಚಣಿ ಎಲ್ಲಾರಿಗೂ ಇರ್ತಾವ ಎಂದು ಒಂದೇ ಉಸಿರಿಗೆ ಮುಗಿಸಿದರು. ಎಲ್ಲರೂ ನಕ್ಕರು. ಇಂದೂಬಾಯಿ ನಗಲಿಲ್ಲ.

"ಇಲ್ಲ ಅನ್ನೂದು ಅವರ ಕೆಲಸಾರಿ ಕಾಕಾ. ಅದನ್ನೂ ನೀವ ಯಾಕ ಮಾಡಿ ಕೊಡ್ತೀರಿ?"

ನನಗೆ ಇದೆಲ್ಲ ನಾಟಕದಂತೆ ಕಾಣುತ್ತಿತ್ತು. ಸರಕಾರ ಮಾಡಬೇಕಾದ ಕೆಲಸಕ್ಕೆ ಮನೆಮನೆ ತಿರುಗುವುದೇಕೆ ಎಂದು ವಾದಿಸುತ್ತಿದ್ದೆ. ಸರಕಾರಕ್ಕೂ ನೀನೇ ಬರೆ, ಬೇಡ ಎಂದವರು ಯಾರು ಎಂದು ಅವರು ತಮ್ಮ ಕೆಲಸ ಮುಂದುವರಿಸುತ್ತಿದ್ದರು.

ಅಕ್ಕಲಕೋಟದಲ್ಲಿ ಮಹಾದೇವಿ ಎಂಬವರು ನಡೆದಾಡಲು ಬಾರದ ಮಕ್ಕಳಿಗಾಗಿ ಒಂದು ಹಗಲು ಕೇಂದ್ರ ನಡೆಸುತ್ತಿದ್ದರು. ಅನ್ನದಾನಕ್ಕೆ ಹೆಸರಾದ ಕ್ಷೇತ್ರ ಅದು, ಆ ಊರಿನಲ್ಲಿ ಅನ್ನಕ್ಕೆ ಬರವಿಲ್ಲ. ಹುಟ್ಟುಹಬ್ಬಕ್ಕೆ, ಪುಣ್ಯತಿಥಿಗೆ, ಹರಕೆ ತೀರಿದ್ದಕ್ಕೆ, ಯಾರಾದರೊಬ್ಬರು ಊಟ ತಂದೇ ತರುತ್ತಿದ್ದರು. ಮಕ್ಕಳು ಶಿರಾ ತಿಂದು ಬೇಸತ್ತಿದ್ದರು. ಆದರೆ ಸೋಲಾಪುರದಿಂದ ಬಂದು ಅವರ ಕೈಕಾಲುಗಳಿಗೆ ವ್ಯಾಯಾಮ ಮಾಡಿಸುವ ಫಿಜಿಯೋಥೆರಪಿಯ ಹುಡುಗಿಗೆ ಸಂಬಳ ಕೊಡುವವರು ಯಾರೂ ಇರಲಿಲ್ಲ. ತಿಂಗಳು ಮುಗಿದರೆ ತಾನು ಬರುವುದಿಲ್ಲವೆಂದು ಆಕೆ ಹೇಳಿಬಿಟ್ಟಿದ್ದಳು. ವ್ಯಾಯಾಮ ನಿಂತರೆ ಮಡಚಿದ ಮೊಣಕಾಲುಗಳು ಮಡಚಿಕೊಂಡೇ ಉಳಿಯುತ್ತವೆ.

ಊಟ ಬೇಡವೆನ್ನಿ, ಅದರ ಬದಲು ಆ ಹುಡುಗಿಯ ಪಗಾರ ಕೇಳಿ ಎಂದರು ಇಂದೂಬಾಯಿ. ಮಹಾದೇವಿ ಬೆಚ್ಚಿಬಿದ್ದರು. ಬಂದ ಅನ್ನವನ್ನು ಒಲ್ಲೆನೆಂದರೆ ಊರು ಏನಂದೀತು?

ಮೊದಲು ಬಂದವರು ಬಟ್ಟೆ ಅಂಗಡಿಯ ಚನ್ನಪ್ಪಣ್ಣ. ತಾಯಿಯ ಪುಣ್ಯತಿಥಿಗೆ ಹೋಳಿಗೆ ಊಟ ಹೇಳಲು ಬಂದಿದ್ದರು. ಊಟ ಬೇಡ, ಥೆರಪಿಯ ಹುಡುಗಿಯ ಒಂದು ತಿಂಗಳ ಪಗಾರ ಕೊಡಿ ಎಂದು ಮಹಾದೇವಿ ಕೇಳಿಯೇಬಿಟ್ಟರು.

"ಅನ್ನಾ ಬ್ಯಾಡ ಅಂತೀರಿ? ಅಕ್ಕಲಕೋಟದಾಗ ಕುಂತು?" ಎಂದರು ಚನ್ನಪ್ಪಣ್ಣ.

ಮೂಲೆಯಲ್ಲಿ ಕೂತಿದ್ದ ಇಂದೂಬಾಯಿ ಕನ್ನಡಕ ಒರೆಸುತ್ತಿದ್ದರು. ಚನ್ನಪ್ಪಣ್ಣ ಚಪ್ಪಲಿ ಮೆಟ್ಟಿ ಹೊರಟುಹೋದರು. ಕೆಲವು ದಿನಗಳ ಮೇಲೆ ಅವರ ಹೆಂಡತಿ ಒಬ್ಬರೇ ಬಂದು, ಅತ್ತೆಯ ಹೆಸರಿನಲ್ಲಿ ಒಂದು ತಿಂಗಳ ಪಗಾರ ತಮ್ಮದೆಂದರು. ಆಮೇಲೆ ತಮ್ಮ ಭಿಶಿಯ ಗೆಳತಿಯರನ್ನೂ ಕರೆತಂದರು. ಪ್ರತಿ ತಿಂಗಳು ಚೀಟಿ ಹಾಕಲು ಕೂಡುವ ಆ ಹೆಂಗಸರು ಒಬ್ಬೊಬ್ಬರು ಒಂದೊಂದು ತಿಂಗಳನ್ನು ಹಂಚಿಕೊಂಡರು. ಥೆರಪಿಯ ಹುಡುಗಿ ಉಳಿದಳು.

ಇಂದೂಬಾಯಿ ತೀರಿಕೊಂಡ ಸುದ್ದಿ ನನಗೆ ಹೋಟಗಿ ಸ್ಟೇಷನ್ನಿನಲ್ಲಿ ವಾಟ್ಸಾಪಿನಲ್ಲಿ ಬಂತು. ಆಗ ವಡಾಪಾವ್ ತಿನ್ನುತ್ತಿದ್ದೆ. ಓದಿದೆ, ಉಳಿದದ್ದನ್ನು ತಿಂದೆ, ಕಾಗದವನ್ನು ಮಡಚಿ ಬುಟ್ಟಿಗೆ ಹಾಕಿದೆ. ಗಾಡಿ ಬಂದಾಗ ಹತ್ತಿ ಕಿಟಕಿಯ ಬಳಿ ಕೂತೆ. ಅಳು ಬಂದೀತೇನೋ ಎಂದು ಸ್ವಲ್ಪ ಹೊತ್ತು ಕಾಯ್ದೆ. ಬರಲಿಲ್ಲ.

ಮೊನ್ನೆ ಅಕ್ಕಲಕೋಟಕ್ಕೆ ಹೋಗಿದ್ದೆ. ಕೇಂದ್ರದ ಅಂಗಳದಲ್ಲಿ ಒಬ್ಬ ಬಾಲಕಿ ಎರಡು ಕಂಬಿಗಳ ನಡುವೆ ಹೆಜ್ಜೆಯಿಡುತ್ತಿದ್ದಳು. ಮಹಾದೇವಿಯವರಿಗೆ ಚನ್ನಪ್ಪಣ್ಣ ಬಂದ ದಿನದ ಕಥೆಯನ್ನೇ ಹೇಳಿದೆ, ಮೂಲೆಯಲ್ಲಿ ಕೂತ ಇಂದೂಬಾಯಿಯವರ ಸಮೇತ. ಅವರು ನನ್ನ ಮುಖ ನೋಡಿದರು.

"ಅವರೆಲ್ಲಿದ್ದರ್ರಿ ಸರ್ ಆವತ್ತು? ಬರ್ರಿ ಅಂತ ನಾ ಫೋನ್ ಮ್ಯಾಲ ಫೋನ್ ಮಾಡಿದ್ದೆ. ನಾ ಬಂದರ ನೀ ಬಾಯಿಬಿಟ್ಟು ಪಗಾರ ಕೇಳಂಗಿಲ್ಲ ಅಂದು ಬರಲೇ ಇಲ್ಲ. ನೀವೂ ಇದ್ದಿಲ್ಲ. ನಾ ಒಬ್ಬಾಕೀನ ಇದ್ದೆ."

ಇಷ್ಟು ವರ್ಷ ಕಣ್ಣಾರೆ ಕಂಡೆನೆಂದು ನಾನು ಹೇಳುತ್ತ ಬಂದದ್ದು ಹಾಗಾದರೆ ಯಾರೋ ಹೇಳಿದ್ದೇ ಇರಬೇಕು. ನನಗೆ ನಾಚಿಕೆಯೂ ಆಗಲಿಲ್ಲ. ಅವರು ಇಲ್ಲದ ಜಾಗದಲ್ಲಿ ಅವರನ್ನು ಕೂರಿಸಿ ನೋಡುವುದು ರೂಢಿಯಾಗಿಬಿಟ್ಟಿತ್ತು, ಅಷ್ಟೇ.

ಚಹಾ ಬಂತು. ಮಹಾದೇವಿ ಅಂಗಳದ ಕಡೆ ನೋಡುತ್ತ, ಈ ವರ್ಷ ಭಾದ್ರಪದ ತಿಂಗಳನ್ನು ಮಾತ್ರ ಯಾರೂ ತೆಗೆದುಕೊಂಡಿಲ್ಲ, ಪಿತೃಪಕ್ಷದಲ್ಲಿ ಎಲ್ಲರಿಗೂ ಊಟವನ್ನೇ ಹಾಕಬೇಕಿರುತ್ತದೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಭಾದ್ರಪದ ನೀವು ತಗೋರಿ ಸರ್."

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ತಗೋತೀನಿ ಅಂದೆ.