ಕುಣಿಗಲ್ ಕೆರೆಗೆ ಒಂದು ಮೂಟೆ ಕಾಯಿ

ಭಾನುವಾರ ಬೆಳಿಗ್ಗೆ ಬಟವಾಡಿಯಲ್ಲಿ ಸಿಟಿ ಬಸ್ಸು ಹತ್ತುವಾಗ ಸಣ್ಣಗೆ ಹನಿಯುತ್ತಿತ್ತು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಗುಬ್ಬಿ ಬಸ್ಸು ಹಿಡಿದೆ. ಹತ್ತು ರೂಪಾಯಿ ಟಿಕೆಟ್ಟು. ನಾನು ಕೂತ ಕಿಟಕಿಗೆ ಗಾಜಿರಲಿಲ್ಲ, ಗುಬ್ಬಿ ತಲುಪುವಷ್ಟರಲ್ಲಿ ಎಡತೋಳು ಪೂರ್ತಿ ಒದ್ದೆ. ಹೇಗೂ ನೀರಿಗೆ ಬೀಳಲೆಂದೇ ಹೊರಟವನಿಗೆ ಅದೇನು ಮಹಾ ಎಂದುಕೊಂಡೆ.

ಹಿಂದಿನ ಸಂಜೆ ಭಾವ ನನ್ನ ಮೆಡಿಕಲ್ ಸ್ಟೋರಿಗೆ ಫೋನ್ ಮಾಡಿದ್ದರು. ಆಷಾಢದಲ್ಲಿ ಅಕ್ಕ ತೀರಿಕೊಂಡ ಮೇಲೆ ಅವರಾಗಿಯೇ ಫೋನ್ ಮಾಡಿದ್ದು ಅದೇ ಮೊದಲು.

"ಕುಣಿಗಲ್ ದೊಡ್ಡಕೆರೆ ತುಂಬೈತಂತೆ ಕಣೋ ಮಂಜ. ನಾಳೆ ದೋಣಿ ತಗೊಂಡು ಹೋಗಣ. ಅಲೆ ಎದ್ರೆ ದೋಣಿ ಇಟ್ಕೋತೀನಿ. ಏಳ್ದಿದ್ರೆ ಅಲ್ಲೇ ಮೀನಿನ ಕಂಟ್ರಾಕ್ಟರಿಗೆ ಕೊಟ್ಟು ಬಂದ್ಬಿಡ್ತೀನಿ."

ಭಾವ ಎಂಟು ವರ್ಷ ದುಬೈಯಲ್ಲಿ ಸಾಹುಕಾರರ ಮೋಟಾರು ದೋಣಿ ಓಡಿಸಿದವರು. ಓಡುವ ದೋಣಿಯ ಹಿಂದೆ ಏಳುವ ಅಲೆಯ ಮೇಲೆ ಹಲಗೆ ಹಾಕಿ ನಿಲ್ಲುವ ಆಟವನ್ನು ಅಲ್ಲೇ ಕಲಿತರು. ವೇಕ್‌ಸರ್ಫಿಂಗ್ ಅಂತ ಅದರ ಹೆಸರು. ಬೇರೆಯವರು ಅಲ್ಲಿಂದ ಚಿನ್ನ, ಟೀವಿ ತಂದರೆ ಇವರು ಹಲಗೆ ತಂದರು. ನೆಂಟರು ಅದನ್ನು ಇಸ್ತ್ರಿ ಮಾಡುವ ಹಲಗೆ ಎಂದುಕೊಂಡರು. ಮರುವರ್ಷ ಮಂಗಳೂರಿನ ಕಡೆಯಿಂದ ಹಳೆಯ ದೋಣಿಯೊಂದು ಲಾರಿಯಲ್ಲಿ ಬಂದು ಗುಬ್ಬಿ ಹತ್ತಿರದ ಅವರ ತೆಂಗಿನ ತೋಟದಲ್ಲಿ ಇಳಿದಾಗ ಊರಿಗೆ ಊರೇ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ನನ್ನ ಅಕ್ಕ. ಮೊದಲು ಹತ್ತಿ ಕೂತವಳೂ ಅವಳೇ.

ನಾನು ತೋಟ ಸೇರಿದಾಗ ದೋಣಿಯನ್ನು ಆಗಲೇ ಟ್ರ್ಯಾಕ್ಟರಿನ ಟ್ರೇಲರಿಗೆ ಏರಿಸಿ ಹಗ್ಗ ಬಿಗಿದಿದ್ದರು. ಭಾವ ಗಡ್ಡ ಬಿಟ್ಟಿದ್ದರು, ಅಂಗಿ ಹೆಗಲಿನಿಂದ ಜಾರುವಷ್ಟು ಇಳಿದುಹೋಗಿದ್ದರು. ದೋಣಿಯೊಳಗೆ ಮಾಮೂಲಿನಂತೆ ಮರಳಿನ ಚೀಲಗಳಿದ್ದವು. ಜೊತೆಗೆ ಹಿಂದಿನ ಎಡಮೂಲೆಯಲ್ಲಿ ಸುಲಿದ ತೆಂಗಿನಕಾಯಿಯ ಒಂದು ಮೂಟೆ.

"ಇದ್ಯಾಕೆ ಭಾವ?"

"ಅದು ನಿಮ್ಮಕ್ಕನ ತೂಕ. ತುಲಾಭಾರಕ್ಕೆ ದೇವಸ್ಥಾನದಲ್ಲಿ ಎಷ್ಟು ಕಾಯಿ ಕೊಟ್ಟಿದ್ವೋ ಅಷ್ಟನ್ನೇ ಎಣಿಸಿ ತುಂಬಿದೀನಿ."

ಅಕ್ಕನ ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತು, ಅವಳನ್ನು ತಕ್ಕಡಿಯಲ್ಲಿ ಕೂರಿಸಿ ಕಾಯಿಯಿಂದ ತೂಗಿಸಿದ್ದರು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ನಾನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತೆ. ಎದುರು ಮಡ್‌ಗಾರ್ಡಿನ ಮೇಲೆ ಭಾವ, ನಡುವೆ ಡ್ರೈವರ್ ನಿಂಗಣ್ಣ.

ಒಳದಾರಿ ಹಿಡಿದು ಹೆಬ್ಬೂರಿಗೆ ಬಂದೆವು. ಗುಂಡಿಗಳನ್ನು ಲೆಕ್ಕ ಹಾಕುವ ಹಾಗಿರಲಿಲ್ಲ. ಹೋಟೆಲಿನಲ್ಲಿ ನಾನೂ ನಿಂಗಣ್ಣನೂ ಇಡ್ಲಿ ತಿಂದೆವು. ಭಾವ ಟೀ ಕುಡಿದು ಹೊರಗೆ ಹೋಗಿ, ಮೂಟೆಗೆ ಕಟ್ಟಿದ ಹಗ್ಗ ಸಡಿಲವಾಗಿದೆಯೇ ಎಂದು ಎಳೆದು ನೋಡುತ್ತಿದ್ದರು.

ಈ ಆಟದಲ್ಲಿ ವೇಗಕ್ಕಿಂತ ತೂಕ ಮುಖ್ಯ. ದೋಣಿ ಮೊಪೆಡ್ಡಿನಷ್ಟು ನಿಧಾನವಾಗಿ ಹೋದರೆ ಸಾಕು. ಹಿಂದೆ ಒಂದು ಪಕ್ಕಕ್ಕೆ ಭಾರ ಹಾಕಿದರೆ ದೋಣಿ ಆ ಕಡೆ ತಗ್ಗುತ್ತದೆ, ಆ ಕಡೆಯ ಅಲೆಯೇ ಎತ್ತರಕ್ಕೆ ಏಳುತ್ತದೆ. ಹಗ್ಗ ಹಿಡಿದು ಎದ್ದು ನಿಂತವನು ಅಲೆಯ ಹೊಟ್ಟೆಯೊಳಕ್ಕೆ ಬಂದಮೇಲೆ ಹಗ್ಗ ಬಿಟ್ಟುಬಿಡಬೇಕು. ಆಮೇಲೆ ಅಲೆಯೇ ತಳ್ಳಿಕೊಂಡು ಹೋಗುತ್ತದೆ. ಎರಡು ವರ್ಷದ ಹಿಂದೆ ಇದೇ ಕೆರೆಯಲ್ಲಿ ನಾನು ಹಾಗೆ ನಾಲ್ಕು ಉಸಿರಿನಷ್ಟು ಹೊತ್ತು ನಿಂತಿದ್ದೆ. ಅಲೆ ಸೊಂಟದವರೆಗೆ ಇತ್ತು. ಆ ಎಡಮೂಲೆಯಲ್ಲಿ ಅಕ್ಕ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು.

"ಜಯ, ಇನ್ನೊಂಚೂರು ಹಿಂದಕ್ಕೆ ಜರುಗು," ಎಂದು ಭಾವ ಕೂಗುತ್ತಿದ್ದರು.

"ಎರಡು ಮೂಟೆ ಕಾಯಿ ತೂಕ ಇದೀನಿ ಕಣ್ರೀ, ಇನ್ನೂ ಸಾಲ್ದಾ?" ಎನ್ನುತ್ತಿದ್ದಳು ಅವಳು.

ಕುಣಿಗಲ್ ತಲುಪಿದಾಗ ಮಳೆ ನಿಂತಿತ್ತು, ಮೋಡ ಮಾತ್ರ ಕದಲಿರಲಿಲ್ಲ. ಕೆರೆ ತುಂಬಿ ಏರಿಯ ಕಲ್ಲುಗಳನ್ನು ಮುಟ್ಟುತ್ತಿತ್ತು. ನೀರು ಬೂದಿಬಣ್ಣ. ಮೀನಿನ ಕಂಟ್ರಾಕ್ಟರು ಭಾವನಿಗೆ ಹಳೇ ಪರಿಚಯ. ಬಲೆ ಇಲ್ಲದ ಜಾಗ ತೋರಿಸಿ, "ನಿಮ್ ಮನೆಯೋರು ಬರ್ನಿಲ್ವಾ?" ಎಂದು ಕೇಳಿದರು. ಭಾವ ವಿಷಯ ಹೇಳಿದರು. ಕಂಟ್ರಾಕ್ಟರು ತಲೆಗೆ ಸುತ್ತಿದ್ದ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ದೋಣಿ ನೀರಿಗಿಳಿಸಿದ ಮೇಲೆ ಭಾವ ಸ್ಟೇರಿಂಗ್ ಹಿಡಿದರು, ನನ್ನ ಮೇಲೆ ಕಣ್ಣಿಡಲು ನಿಂಗಣ್ಣ ಅವರ ಪಕ್ಕದಲ್ಲಿ ಕೂತ. ಈ ದೋಣಿಯ ಇಂಜಿನ್ ಒಳಗಿದೆ, ನೀರು ತಳ್ಳುವ ಫ್ಯಾನು ತಳದಡಿಯಲ್ಲಿ ಮುಂದಕ್ಕಿದೆ. ಹಿಂದೆ ಹೊರಗೆ ನೇತಾಡುವ ಇಂಜಿನ್ನಿನ ದೋಣಿಯ ಹಿಂದೆ ಈ ಆಟ ಆಡಿದರೆ ಕಾಲೇ ಹೋಗುತ್ತದೆ ಎಂದು ಭಾವ ಮೊದಲ ದಿನವೇ ಹೆದರಿಸಿದ್ದರು. ಲೈಫ್ ಜಾಕೆಟ್ ಬಿಗಿದು ನೀರಿಗಿಳಿದೆ. ಮೈ ನಡುಗಿತು.

ಅಂಗಾತ ತೇಲಿ, ಹಿಮ್ಮಡಿಯನ್ನು ಹಲಗೆಯ ಮೇಲಿಟ್ಟು, ಮಂಡಿ ಮಡಿಸಿ ಹಗ್ಗ ಹಿಡಿದೆ. ದೋಣಿ ಹೊರಟಿತು. ಏಳುವ ಆತುರಕ್ಕೆ ಹಗ್ಗ ಜಗ್ಗಿ ಮುಗ್ಗರಿಸಿದೆ. ಕೆರೆಯ ನೀರು ಮೂಗಿನಿಂದ ಗಂಟಲಿಗೆ ಹೋಯಿತು.

"ಬಾವೀಲಿ ಈಜು ಕಲ್ತೋನು ಅಲ್ವೇನ್ಲಾ ನೀನು? ಹಗ್ಗ ಜಗ್ಗಬ್ಯಾಡ, ದೋಣಿನೇ ಎತ್ತುತ್ತೆ ಸುಮ್ಕಿರು," ಎಂದರು ಭಾವ. ದನಿಯಲ್ಲಿ ಹಳೆಯ ತಮಾಷೆ ಸ್ವಲ್ಪ ಬಂದಿತ್ತು. ನನಗೆ ಆಸೆ ಹುಟ್ಟಿತು.

ಮತ್ತೆ ಹೊರಟಾಗ ಸುಮ್ಮನಿದ್ದೆ. ದೋಣಿಯೇ ನನ್ನನ್ನು ಎತ್ತಿ ನಿಲ್ಲಿಸಿತು. ಅಲೆಯ ಕಡೆ ನೋಡಿದೆ. ಅದು ಮಂಡಿಯವರೆಗೂ ಇರಲಿಲ್ಲ. ಆದರೂ ಹಗ್ಗ ಬಿಟ್ಟೆ. ಹಲಗೆ ನಿಧಾನವಾಗುತ್ತ ನಿಂತಿತು, ನಾನು ನಿಂತಲ್ಲೇ ಮುಳುಗಿದೆ. ಇನ್ನೊಮ್ಮೆ ಪ್ರಯತ್ನಿಸಿದರೂ ಹಾಗೇ ಆಯಿತು.

ಭಾವ ದೋಣಿ ತಿರುಗಿಸಿ ನನ್ನ ಹತ್ತಿರ ತಂದು ಇಂಜಿನ್ ನಿಲ್ಲಿಸಿದರು.

"ಏಳ್ನಿಲ್ಲ ಅಲ್ವಾ?"

"ಇಲ್ಲ ಭಾವ."

"ತೂಕ ಸರಿಯಾಗಿತ್ತಲ್ಲೋ. ಒಂದು ಕಾಯಿನೂ ಹೆಚ್ಚುಕಮ್ಮಿ ಇಲ್ಲ." ಎದ್ದು ಬಂದು ಮೂಟೆಯ ಮೇಲೆ ಕೈಯಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. "ತುಲಾಭಾರ ಮಾಡ್ಸಿದ್ದು ಆಸ್ಪತ್ರೆಯಿಂದ ಬಂದ್ಮೇಲೆ ಕಣೋ. ಆಗ ಅವಳು ಒಂದೇ ಮೂಟೆ ಇದ್ಲು."

ದೋಣಿಯ ಅಂಚು ಹಿಡಿದು ನೀರಿನಲ್ಲೇ ಇದ್ದ ನನಗೆ ಅಳು ಬಂತು. ಮುಖ ಮೊದಲೇ ಒದ್ದೆಯಾಗಿತ್ತು.

"ಏರಿ ಮ್ಯಾಲೆ ಕಲ್ಲೈತಣ್ಣ, ಇನ್ನೊಂದು ಚೀಲ ತುಂಬ್ಕೊಂಡು ಬರ್ಲಾ?" ಎಂದ ನಿಂಗಣ್ಣ.

"ಬ್ಯಾಡ ಬುಡು," ಎಂದರು ಭಾವ.

ದಡಕ್ಕೆ ಬಂದು ದೋಣಿಯನ್ನು ಕಂಟ್ರಾಕ್ಟರಿಗೆ ಒಪ್ಪಿಸಿದರು. ಹಲಗೆ ನನಗೆ ಕೊಟ್ಟರು. ಕಾಯಿಯನ್ನೂ ಇಲ್ಲೇ ಇಳಿಸಿ, ನಮ್ಮ ಹುಡುಗರ ಸಾರಿಗಾಗುತ್ತದೆ ಎಂದರು ಕಂಟ್ರಾಕ್ಟರು.

"ಕಾಯಿ ಕೊಡಕ್ಕಾಗಲ್ಲ," ಎಂದು ಭಾವ ಒಬ್ಬರೇ ಮೂಟೆಯನ್ನು ಎತ್ತಿ ಎದೆಗೆ ಒರಗಿಸಿಕೊಂಡು ಟ್ರೇಲರಿಗೆ ನಡೆದರು. ಕೊನೆಯ ದಿನಗಳಲ್ಲಿ ಅಕ್ಕನನ್ನು ಆಟೋದಿಂದ ಮನೆಯೊಳಕ್ಕೆ ಕರೆತರುವಾಗಲೂ ಯಾರನ್ನೂ ಕೈ ಹಾಕಲು ಬಿಟ್ಟಿರಲಿಲ್ಲ. ಮೂಟೆ ಇಳಿದ ಮೇಲೆ ದೋಣಿಯ ಎಡಗಡೆ ಒಂದಿಷ್ಟು ಮೇಲೆದ್ದಿತು.

ವಾಪಸು ಬರುವಾಗ ಭಾವ ಮಡ್‌ಗಾರ್ಡಿನ ಮೇಲೆ ಕೂರಲಿಲ್ಲ, ಖಾಲಿ ಟ್ರೇಲರಿನಲ್ಲಿ ಮೂಟೆಯ ಪಕ್ಕ ಕೂತರು. ಹೆಬ್ಬೂರು ದಾಟಿದ ಮೇಲೆ ಮತ್ತೆ ಹನಿಯತೊಡಗಿತು. ಟಾರ್ಪಾಲನ್ನು ಮೂಟೆಗೂ ತಲೆಗೂ ಸೇರಿಸಿ ಹೊದ್ದುಕೊಂಡರು. ಗುಬ್ಬಿ ಬಸ್ ಸ್ಟ್ಯಾಂಡಿನ ಮುಂದೆ ನಾನು ಹಲಗೆ ಹಿಡಿದು ಇಳಿದೆ.

"ಬರ್ತೀನಿ ಭಾವ. ಊಟ ಮಾಡಿ."

"ಹೂಂ," ಎಂದರು.

ಟ್ರ್ಯಾಕ್ಟರು ತೋಟದ ದಾರಿಗೆ ತಿರುಗುವಾಗ ಟ್ರೇಲರು ಎಡಕ್ಕೆ ವಾಲಿತು. ಭಾವ ಎರಡೂ ಕೈ ಚಾಚಿ ಮೂಟೆಯನ್ನು ಹಿಡಿದುಕೊಂಡರು.