ಹಿಂದೆ ಹಾಡುವವಳು

ಹುನಗುಂದದ ಕೋರ್ಟಿನಲ್ಲಿ ಭಾಗ್ಯಾ ಟೈಪಿಸ್ಟ್. ಸಾಹೇಬರು ಹೇಳಿ ಬರೆಸುವಾಗ ಓಡಲಿ, ನಿಲ್ಲಲಿ, ನಡುವೆ ಕೆಮ್ಮಿ ಮತ್ತೆ ಎಲ್ಲಿಂದಲೋ ಶುರುಮಾಡಲಿ, ಅವಳ ಬೆರಳು ಅವರ ಮಾತಿನ ಬೆನ್ನಿಗೇ ಇರುತ್ತದೆ. ಈ ವಿದ್ಯೆ ಟೈಪಿಂಗ್ ಕ್ಲಾಸಿನಲ್ಲಿ ಬಂದದ್ದಲ್ಲ. ತುಳಸಿಗೇರಿಯ ಹತ್ತಿರದ ಒಂದು ಹಳ್ಳಿಯಲ್ಲಿ, ಅವ್ವ ಸತ್ಯವ್ವನ ಹಿಂದೆ ಕೂತು ಬಂದದ್ದು.

ಸತ್ಯವ್ವನ ಸೋಬಾನ ಪದ ಇಲ್ಲದೆ ಆ ಊರಿನಲ್ಲಿ ಮದುವೆ ಆಗುತ್ತಿರಲಿಲ್ಲ. ಅವಳು ಒಂದು ಸಾಲು ಹಾಡಿದರೆ ಹಿಂದೆ ಕೂತ ಐದು ಹೆಂಗಸರು ಅದನ್ನೇ ಎತ್ತಿಕೊಳ್ಳಬೇಕು. ಏಳು ವರ್ಷದ ಭಾಗ್ಯಾ ಆರನೆಯವಳು. ಒಂದು ಮದುವೆಯಲ್ಲಿ ಸತ್ಯವ್ವನ ದನಿ ದಣಿದು ಕೆಳಗಿಳಿಯಿತು. ಮಗಳು ಮೊದಲಿನ ಎತ್ತರದಲ್ಲೇ ಹಾಡಿ, ತಾನೇ ಸರಿ ಎಂದು ಕಿಸಕ್ಕನೆ ನಕ್ಕಳು. ಮನೆಗೆ ಬಂದ ಮೇಲೆ ಬೆನ್ನಿಗೊಂದು ಗುದ್ದು ಬಿತ್ತು.

"ಮುಂದ ಹಾಡಾಕಿ ಎಲ್ಲಿಗಿ ಹೋಗ್ತಾಳೋ ಹಿಂದಿನಾಕಿನೂ ಅಲ್ಲಿಗೇ ಹೋಗಬೇಕು. ಆಕಿ ತಪ್ಪಿದ್ದು ಮಂದಿಗಿ ಗೊತ್ತಾತಂದ್ರ, ತಪ್ಪು ಹಿಂದಿನಾಕೀದು" ಎಂದಳು ಸತ್ಯವ್ವ.

ಕುರಿ ಕಾಯ್ದು ಬಂದು ಬೀರಪ್ಪನ ಡೊಳ್ಳು ಬಾರಿಸುತ್ತಿದ್ದ ಅಪ್ಪ ಚಂದಪ್ಪ ಮಗಳ ಪರ ಒಂದು ಮಾತೂ ಆಡಲಿಲ್ಲ. ಸಂಗೀತದ ವಿಷಯದಲ್ಲಿ ಆ ಮನೆಯಲ್ಲಿ ಅಪೀಲು ಇರಲಿಲ್ಲ.

ಮುಂದೆ ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿಗೆ ಬಂದಾಗ ಅವಳಿಗೆ ಕೇದಾರ ಸರ್ ಸಿಕ್ಕರು. ಬ್ಯಾಂಕಿನಲ್ಲಿ ಕೆಲಸ, ಭಾನುವಾರ ಪಿಟೀಲಿನ ಪಾಠ, ಮೂಗಿನ ತುದಿಯಲ್ಲಿ ಸಿಟ್ಟು. ಧಾರವಾಡದಲ್ಲಿ ಪಾಶ್ಚಾತ್ಯ ಪದ್ಧತಿ ಕಲಿತು ಬಂದಿದ್ದ ಅವರಿಗೆ ಒಂದೇ ಹುಚ್ಚು: ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ, ನಾಲ್ಕು ಮಂದಿ ಅರ್ಧ ಚಂದ್ರಾಕಾರದಲ್ಲಿ ಕೂತು ಮದುವೆಗಳಲ್ಲಿ ನುಡಿಸಬೇಕು. ಬಾಗಲಕೋಟೆಯಲ್ಲಿ! ಜನ ನಕ್ಕರು. ಅವರು ಬಿಡಲಿಲ್ಲ. ಇಳಕಲ್ಲಿನಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ರಿಪೇರಿ ಮಾಡುವ ದಸ್ತಗೀರಸಾಬನ ಅಂಗಡಿಯಲ್ಲಿ ಮುಚ್ಚಿಹೋದ ನಾಟಕ ಕಂಪನಿಯೊಂದರ ಚೆಲ್ಲೊ ಧೂಳು ತಿನ್ನುತ್ತಿತ್ತು. ದಸ್ತಗೀರಸಾಬ ಐವತ್ತನೆಯ ವಯಸ್ಸಿನಲ್ಲಿ ಆ ದೊಡ್ಡ ಪಿಟೀಲನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಕಲಿತ. ಅವನ ಮಗಳು, ಸಾಲಿ ಟೀಚರ್ ಮಲಿಕಾ, ಎರಡನೆಯ ಪಿಟೀಲು. ಉಳಿದ ವಯೋಲಾ ಭಾಗ್ಯಾಳ ಪಾಲಿಗೆ ಬಂತು.

ವಯೋಲಾ ನೋಡಲು ಪಿಟೀಲೇ, ತುಸು ದೊಡ್ಡದು, ದನಿ ತುಸು ದಪ್ಪ. ಸಾರಿಗೆ ಹಾಕಿದ ಉಪ್ಪಿನ ಹಾಗೆ, ಇದ್ದಾಗ ಯಾರಿಗೂ ಕಾಣುವುದಿಲ್ಲ. ಭಾಗ್ಯಾಳಿಗೆ ಅದರ ಬೇಸರವಿರಲಿಲ್ಲ. ಅವಳ ತೊಂದರೆ ಬೇರೆ. ಎದುರಿಗಿದ್ದ ಸ್ವರದ ಹಾಳೆ ಬಿಟ್ಟು ಅವಳ ಕಣ್ಣು, ಕಿವಿ ಉಳಿದವರ ಕಡೆ ಹೋಗುತ್ತಿದ್ದವು. "ಭಾಗ್ಯಾ, ಹಾಳಿ ನೋಡು" ಎಂದು ಕೇದಾರ ದಿನಕ್ಕೆ ನೂರು ಸಲ ಗದರುತ್ತಿದ್ದರು.

ಬಾದಾಮಿಯಲ್ಲಿ ಅವರ ಮೊದಲ ಮದುವೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬ ಗಾದೆಯನ್ನು ಅವತ್ತು ನಾಲ್ವರೂ ಕಣ್ಣಾರೆ ಕಂಡರು. ನುಡಿಸುತ್ತಿರುವಾಗಲೇ ಮೈಕಿನಲ್ಲಿ "ಬಿಳೀ ಕಾರಿನವ್ರು ಗಾಡಿ ತೆಗೀರಿ" ಎಂದು ಮೂರು ಸಲ ಕೂಗಿದರು. ಯಾರೋ ಒಬ್ಬರು ಚೆಲ್ಲೊದ ಪೆಟ್ಟಿಗೆಯ ಮೇಲೆ ಕೂಸಿನ ಬಟ್ಟೆ ಒಣಹಾಕಿದರು. ಮುಹೂರ್ತಕ್ಕೆ ಡೋಲಿನ ಬಾಜಾದವರು ಶುರುಮಾಡಿದರು ನೋಡಿ, ನಾಲ್ವರ ದನಿ ಎಲ್ಲಿ ಹೋಯಿತೋ ಅವರಿಗೇ ತಿಳಿಯಲಿಲ್ಲ.

ಬಸ್ಸಿನಲ್ಲಿ ಕೇದಾರ ಹೇಳಿದರು: "ಇನ್ನೊಂದು ಮದುವಿ ಒಪ್ಪಿಕೊಂಡೇನಿ. ಅಲ್ಲೂ ಹಿಂಗಾದ್ರ ಮುಗೀತು. ವಾದ್ಯ ಎಲ್ಲಾ ಅಟ್ಟದ ಮ್ಯಾಲ."

ವಾರವೆಲ್ಲ ಕೋರ್ಟಿನ ಮಾತು ಬಡಿಯುವ ಭಾಗ್ಯಾಳ ಬೆರಳಿಗೆ ಭಾನುವಾರದ ಆ ದಪ್ಪ ದನಿಯೇ ಊಟ. ಅದು ಅಟ್ಟ ಸೇರಿದರೆ ತನಗೆ ಉಳಿಯುವುದು ಏನು ಎಂದು ಅವಳಿಗೆ ಹೊಳೆಯಲಿಲ್ಲ.

ಆ ಇನ್ನೊಂದು ಮದುವೆ ಬಾಗಲಕೋಟೆಯದೇ, ಕಾಲೇಜಿನಲ್ಲಿ ಪಾಠ ಹೇಳುವ ಶುಭದಾಳದು. ಅಪ್ಪ ಶ್ರೀನಿವಾಸರಾಯರು ಹುಷಾರಿನ ಮನುಷ್ಯ. ಮಗಳ ಆಸೆಗೆ ನಾಲ್ವರನ್ನು ಕರೆಸಿದರು, ಯಾವುದಕ್ಕೂ ಇರಲಿ ಎಂದು ಮುತ್ತಪ್ಪನ ಬಾಜಾ ಮೇಳವನ್ನೂ ಕರೆಸಿದರು. ಮಂಗಲಾಷ್ಟಕ ಮುಗಿದು ಕೊನೆಯ "ಸಾವಧಾನ" ಕೇಳಿದ ಕೂಡಲೇ ಬಾಜಾ ಮೊಳಗಬೇಕು, ಕೆಟ್ಟ ಮಾತೊಂದೂ ಮದುಮಕ್ಕಳ ಕಿವಿಗೆ ಬೀಳಬಾರದು, ಅದು ಪದ್ಧತಿ.

ಮುಹೂರ್ತಕ್ಕೆ ಇನ್ನೂ ಒಂದು ತಾಸಿತ್ತು. ವಾದ್ಯ ಶ್ರುತಿ ಮಾಡಲು ಶಾಂತ ಜಾಗ ಹುಡುಕುತ್ತ ಭಾಗ್ಯಾ ಹಿಂದಿನ ಕೋಣೆಗೆ ಹೋದರೆ, ಅಲ್ಲಿ ಶುಭದಾಳ ಅಜ್ಜಿ ಭಾಗೀರಥೀಬಾಯಿ ಒಬ್ಬರೇ ಕೂತು ಒಂದು ಚೀಟಿ ನೋಡಿ ಸಣ್ಣಗೆ ಹಾಡಿಕೊಳ್ಳುತ್ತಿದ್ದರು. ಆ ಮನೆತನದ ಪ್ರತಿ ಮದುವೆಯಲ್ಲೂ ಕೊನೆಯ ಮಂಗಲಾಷ್ಟಕ ಅಜ್ಜಿಯದು, ಸ್ವಂತ ಕಟ್ಟಿದ್ದು, ಎರಡೂ ಮನೆಯ ಹಿರಿಯರ ಹೆಸರು ಕೂಡಿಸಿದ್ದು.

"ಚಲೋ ಐತ್ರಿ ಅಜ್ಜಿ" ಎಂದಳು ಭಾಗ್ಯಾ.

"ಶಿರೀಷ ಓದ್ತಾನವಾ, ನನ್ನ ಮೊಮ್ಮಗ. ನಾ ಹಾಡೂದಿಲ್ಲ." ಅಜ್ಜಿ ಚೀಟಿ ಮಡಚಿದರು. "ಹೋದ ವರ್ಷದ ಮದುವ್ಯಾಗ ಸಾಲಿಗೊಮ್ಮೆ ದನಿ ಮ್ಯಾಲೆ ಏರ್ತು. ಪೇಟಿಯಂವ ನನ್ನ ಹುಡುಕ್ಯಾಡಿ ಹುಡುಕ್ಯಾಡಿ ಸೋತ. ಹುಡುಗ್ರು ಬಾಯಿಗೆ ಕೈ ಇಟಗೊಂಡು ನಕ್ಕರು. ಅರ್ಧಕ್ಕ ಕೂತುಬಿಟ್ಟೆ. ಎಂಬತ್ತೆರಡಾತು, ಸಾಕು."

ಏಳು ವರ್ಷದವಳಿದ್ದಾಗ ತಾನು ನಕ್ಕ ನಗೆ ಭಾಗ್ಯಾಳಿಗೆ ನೆನಪಾಗಿ ಮುಖ ಬಿಸಿಯಾಯಿತು. "ನೀವು ಹಾಡ್ರಿ ಅಜ್ಜಿ. ನೀವು ಎಲ್ಲಿ ಹೋದ್ರೂ ಹಿಂದ ನಾ ಬರ್ತೇನಿ" ಎಂದುಬಿಟ್ಟಳು.

ಕೇದಾರ ಕೇಳಿ ಕೆಂಡವಾದರು. "ಹಾಳಿಯೊಳಗ ಇಲ್ಲದ್ದು ಬಾರಿಸ್ತೀ ಏನು? ಪೇಟಿಗೇ ಆಗಲಿಲ್ಲ ಅಂತಾರ ಅವರು. ಇದs ಕಡೀ ಅವಕಾಶ, ಅದನ್ನೂ ನಗೆಪಾಟಲು ಮಾಡ್ತೀಯಾ?"

ಭಾಗ್ಯಾ ಗುರುವಿಗೆ ಎದುರು ಮಾತಾಡಿದ್ದು ಅದೇ ಮೊದಲು. "ಪೇಟಿಗಿ ಒತ್ತೂ ಪಟ್ಟಿ ಇರ್ತಾವ್ರಿ ಸರ್. ಎರಡು ಪಟ್ಟಿ ನಡುವ ಅಜ್ಜಿ ಹೋದ್ರ ಅದಕ್ಕ ದಾರಿ ಇಲ್ಲ. ನಮ್ಮ ತಂತಿಗಿ ಎಲ್ಲಾ ಕಡೆ ದಾರಿ ಐತಿ."

ನಲವತ್ತು ವರ್ಷ ಪೇಟಿ ಬಿಚ್ಚಿ ಕೂಡಿಸಿದ ದಸ್ತಗೀರಸಾಬ ಗಡ್ಡ ಸವರಿಕೊಂಡ. "ಹುಡುಗಿ ಖರೆ ಹೇಳ್ತಾಳ್ರಿ." ಕೇದಾರ ಮುಖ ತಿರುಗಿಸಿ ಕೂತರು.

ಮದುಮಕ್ಕಳ ನಡುವೆ ಅಂತರಪಟ ಹಿಡಿದರು. ಎಂಟುನೂರು ಮಂದಿ ಕೈಯಲ್ಲಿ ಅಕ್ಷತೆ ಹಿಡಿದು ಬಾಯಲ್ಲಿ ಹರಟೆ ಹೊಡೆಯುತ್ತಿದ್ದರು. ಒಂದೊಂದೇ ಮಂಗಲಾಷ್ಟಕ ಮುಗಿಯಿತು. ಶಿರೀಷ ಚೀಟಿ ಬಿಚ್ಚುವಷ್ಟರಲ್ಲಿ ಅಜ್ಜಿ ಎದ್ದು ಅದನ್ನು ಕೈಯಿಂದ ತೆಗೆದುಕೊಂಡರು. ಹುಡುಗರ ಸಾಲಿನಲ್ಲಿ ಆಗಲೇ ಒಂದು ನಗೆ ತಯಾರಾಗುತ್ತಿತ್ತು.

ಅಜ್ಜಿಯ ಮೊದಲ ಸಾಲು ನಡುಗುತ್ತ ಬಂತು. ಭಾಗ್ಯಾ ಅದರ ಅಡಿಗೆ ಒಂದೇ ಸ್ವರ ಹಾಸಿದಳು. ಎರಡನೆಯ ಸಾಲಿಗೆ ದನಿ ಕೂದಲೆಳೆಯಷ್ಟು ಏರಿತು. ಅವಳ ಬೆರಳೂ ತಂತಿಯ ಮೇಲೆ ಅಷ್ಟೇ ಸರಿಯಿತು. ದಸ್ತಗೀರಸಾಬ ಆ ಬೆರಳು ನೋಡಿ ಚೆಲ್ಲೊದ ದನಿ ಕೂಡಿಸಿದ. ಮಲಿಕಾ ಅಪ್ಪನನ್ನು ನೋಡಿದಳು. ಮೂರನೆಯ ಸಾಲಿಗೆ ಅಜ್ಜಿ ಮತ್ತೆ ಏರಿದಾಗ ಕೇದಾರ ಎದುರಿನ ಹಾಳೆ ಮಗುಚಿ ಪಿಟೀಲು ಭುಜಕ್ಕೇರಿಸಿದರು. ಈಗ ನಾಲ್ವರೂ ಅಜ್ಜಿಯ ಬೆನ್ನಿಗಿದ್ದರು. ಎಲ್ಲಿಂದ ಹೊರಟಿದ್ದರು, ಎಲ್ಲಿಗೆ ಬಂದಿದ್ದರು, ಅದರ ಲೆಕ್ಕ ಸಭೆಯಲ್ಲಿ ಯಾರಿಗೂ ಇರಲಿಲ್ಲ. ಅಜ್ಜಿ ಸುಮ್ಮನೆ ದೊಡ್ಡವರಾಗುತ್ತಿದ್ದರು, ಅಷ್ಟೇ.

ಜನರ ಮಾತು ಮೊದಲು ಮುಂದಿನ ಕುರ್ಚಿಗಳಲ್ಲಿ ನಿಂತಿತು, ಆಮೇಲೆ ನಡುವೆ, ಆಮೇಲೆ ಬಾಗಿಲ ಹತ್ತಿರ. ಮೈಕಿನವನು "ಬಿಳೀ ಕಾ" ಎನ್ನುವಷ್ಟರಲ್ಲಿ ಯಾರೋ ಅವನ ಬಾಯಿ ಮುಚ್ಚಿದರು. ಹಾಡಿನ ನಾಲ್ಕನೆಯ ಸಾಲಿನಲ್ಲಿ ಎರಡೂ ಮನೆಯ ಹಿರಿಯರ ಹೆಸರು ಒಂದೂ ಬಿಡದೆ ಬಂದವು. ತುತ್ತತುದಿಯಲ್ಲಿ ಅಜ್ಜಿ ತುಂಬಿದ ದನಿಯಲ್ಲಿ "ಶುಭಮಂಗಲ ಸಾವಧಾನ" ಎಂದರು.

ಅಕ್ಷತೆ ಹಾರಿತು. ಬಾಜಾ ಮೊಳಗಲಿಲ್ಲ. ನಾಲ್ಕು ವಾದ್ಯದ ದನಿ ಮಾತ್ರ ಹಾಲ್ ತುಂಬ ನಿಂತಿತ್ತು, ಅಕ್ಕಿ ಕಾಳು ಬಿದ್ದ ಸಪ್ಪಳವೂ ಕೇಳುತ್ತಿತ್ತು. ಕೆಟ್ಟ ಮಾತು ಬೀಳಲು ಅಲ್ಲಿ ಮಾತೇ ಇರಲಿಲ್ಲ. ಶ್ರೀನಿವಾಸರಾಯರು ಗಾಬರಿಯಾಗಿ ತಿರುಗಿದರೆ ಮುತ್ತಪ್ಪ ಕೋಲು ಹಿಡಿದ ಕೈ ಎತ್ತಿಕೊಂಡು ಹಾಗೇ ನಿಂತಿದ್ದ.

"ಕೇಳಕೋತ ನಿಂತಬಿಟ್ಟೆರಿ" ಎಂದ ಆಮೇಲೆ. "ಮೂವತ್ತು ವರ್ಷದಾಗ ಮುಹೂರ್ತ ಮರೆತಿದ್ದು ಇವತ್ತs." ತಪ್ಪಿಗೆ ಬಡ್ಡಿ ಸಮೇತ ಡೋಲು ಬಾರಿಸಿದ ನೋಡಿ, ಸಭಾಂಗಣದ ಮಾಡಿನ ತಗಡು ಅದುರಿತು. ಆಗ ಎಂಟುನೂರು ಮಂದಿ ಚಪ್ಪಾಳೆ ತಟ್ಟಿದರು. ಭಾಗ್ಯಾ ಅಳುತ್ತಿದ್ದಳು, ಅವಳಿಗೆ ಅದರ ನಾಚಿಕೆಯೂ ಇರಲಿಲ್ಲ.

ಊಟಕ್ಕೆ ಅಜ್ಜಿ ಅವಳನ್ನು ತಮ್ಮ ಪಕ್ಕದ ಎಲೆಗೆ ಕೂಡಿಸಿಕೊಂಡರು. "ಖರೆ ಹೇಳವಾ, ನಾ ಎಲ್ಲಿ ಜಾರಿದೆ?"

"ಮಂದಿಗಿ ಗೊತ್ತಾಗಲಿಲ್ಲರಿ ಅಜ್ಜಿ" ಎಂದಳು ಭಾಗ್ಯಾ. ಸತ್ಯವ್ವನ ಕಾನೂನಿನಲ್ಲಿ ಇದಕ್ಕಿಂತ ದೊಡ್ಡ ತೀರ್ಪಿಲ್ಲ.

ಆ ಪಂಕ್ತಿ ಏಳುವುದರೊಳಗೆ ಮೂರು ಮನೆಯವರು ತಮ್ಮ ಮದುವೆಗೆ ಬರಬೇಕೆಂದು ಕೇಳಿದರು, ಒಬ್ಬರಂತೂ ಬಾದಾಮಿಯವರೇ. ವಾದ್ಯಗಳು ಅಟ್ಟ ಹತ್ತಲಿಲ್ಲ. ಮುಂದಿನ ಭಾನುವಾರ ಕೇದಾರ ಹೊಸ ಹಾಳೆ ಹಂಚಿದರು. ಭಾಗ್ಯಾ ಓದುತ್ತ ಹೋದಳು. ಮಂಗಲಾಷ್ಟಕದ ಜಾಗದಲ್ಲಿ ಸ್ವರಗಳೇ ಇರಲಿಲ್ಲ. ಖಾಲಿ ಗೆರೆಗಳ ಮೇಲೆ, ನಾಲ್ವರ ಹಾಳೆಯಲ್ಲೂ, ಕೆಂಪು ಶಾಯಿಯಲ್ಲಿ ಬರೆದಿದ್ದರು: "ಇಲ್ಲಿ ಹಾಳೆ ನೋಡಬಾರದು. ಭಾಗ್ಯಾಳನ್ನು ನೋಡಬೇಕು."